ಅಂತರಜಾಲದ ದಾರಿಗಳ್ಳರು ಮತ್ತು ಶ್ರಾವಕನ ಎಚ್ಚರ

ವಿಜಯಪುರದಿಂದ ಸಿಂದಗಿಯ ಕಡೆಗೆ ಸಾಗುವ ಹೆದ್ದಾರಿಯ ಮೇಲೆ ದೇವರ ಹಿಪ್ಪರಗಿ ಇದೆ. ರಾವುತರಾಯನ ಜಾತ್ರೆಯಿಂದ ಸುತ್ತಲಿನ ಸೀಮೆಗೆಲ್ಲ ಪರಿಚಿತವಾದ ಊರು. ಜಾತ್ರೆಗೆ ಭಕ್ತರು ಬರುತ್ತಾರೆ, ವ್ಯಾಪಾರಿಗಳು ಬರುತ್ತಾರೆ. ಅವರ ಹಿಂದೆಯೇ ಕಿಸೆಗಳ್ಳರೂ ಬರುತ್ತಾರೆ. ಇದು ಒಂದು ಊರಿನ ಜಾತ್ರೆಗೆ ಮಾತ್ರ ಸಲ್ಲುವ ಮಾತಲ್ಲ, ಜನ ಸೇರುವ ಎಲ್ಲ ಕಡೆಗೂ ಸಲ್ಲುವ ಮಾತು. ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರೂ ಜಾತ್ರೆಗೆ ಹೋಗಬೇಡಿರೆಂದು ಮಕ್ಕಳಿಗೆ ಹೇಳಲಿಲ್ಲ. ಕಿಸೆಯ ಮೇಲೆ ಕೈ ಇರಲಿ ಎಂದು ಮಾತ್ರ ಹೇಳಿದರು.

ಇಂದು ಪ್ರತಿಯೊಬ್ಬರ ಅಂಗೈಯಲ್ಲಿಯೂ ಒಂದು ಜಾತ್ರೆ ನೆರೆದಿದೆ. ಅದರ ಹೆಸರು ಅಂತರಜಾಲ. ಜ್ಞಾನ, ವ್ಯಾಪಾರ, ಬಂಧುಗಳ ಕುಶಲವಾರ್ತೆ ಎಲ್ಲವೂ ಅಲ್ಲಿ ದೊರೆಯುತ್ತವೆ. ವಂಚಕರೂ ಉಗ್ರರೂ ಅದೇ ಜನಸಂದಣಿಯಲ್ಲಿ ಸೇರಿಕೊಂಡಿದ್ದಾರೆ. ಅವರು ಸಮಾಜವನ್ನು ಹೇಗೆ ಬೆದರಿಸಿದರು, ಆ ಕೃತ್ಯಗಳಲ್ಲಿ ನಮ್ಮಂತಹ ಸಾಮಾನ್ಯರ ಪಾಲು ಎಷ್ಟು ಎಂಬುದನ್ನು ನಮ್ಮ ನಾಡಿನ ಈಚಿನ ಇತಿಹಾಸದಿಂದಲೇ ವಿಚಾರಿಸುವುದು ಈ ಲೇಖನದ ಉದ್ದೇಶ.

ದಾರಿ ಮತ್ತು ನಂಬಿಕೆ

ದಾರಿಗಳ್ಳತನದ ಇತಿಹಾಸವು ಒಂದರ್ಥದಲ್ಲಿ ನಂಬಿಕೆಯ ದುರುಪಯೋಗದ ಇತಿಹಾಸವೇ ಆಗಿದೆ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ಬಳಿಕ ಬೆಂಗಳೂರಿನ ಆಸುಪಾಸಿನಲ್ಲಿ ನೂರರಷ್ಟು ಮಂದಿ ಫಾಂಸಿಗಾರರನ್ನು ಹಿಡಿದುದಾಗಿ ಬ್ರಿಟಿಷ್ ಅಧಿಕಾರಿಗಳು ಬರೆದಿಟ್ಟಿದ್ದಾರೆ. ಆ ಬರಹಗಳಲ್ಲಿ ಉತ್ಪ್ರೇಕ್ಷೆ ಬೆರೆತಿದೆಯೆಂದು ನಂತರದ ಇತಿಹಾಸಕಾರರು ವಾದಿಸಿರುವುದುಂಟು. ಆದರೆ ಅವುಗಳಲ್ಲಿ ವರ್ಣಿತವಾದ ಕ್ರಮವನ್ನು ಗಮನಿಸಬೇಕು. ಕೊಲೆಗಡುಕನು ಪೊದೆಯ ಮರೆಯಿಂದ ಹಾರಿ ಬರುವುದಿಲ್ಲ. ಅವನು ಸಹಪ್ರಯಾಣಿಕನಂತೆ ಜೊತೆಯಾಗುತ್ತಾನೆ, ಸವಿಮಾತನಾಡುತ್ತಾನೆ, ಸ್ನೇಹ ಸಂಪಾದಿಸುತ್ತಾನೆ. ಕೊರಳಿಗೆ ಬಟ್ಟೆ ಬೀಳುವುದು ಆಮೇಲೆ.

ನಮ್ಮ ವರ್ತಕರ ಹುಂಡಿಯ ವ್ಯವಹಾರವನ್ನೂ ಇಲ್ಲಿ ನೆನೆಯಬೇಕು. ನಗದನ್ನು ಗಂಟುಕಟ್ಟಿಕೊಂಡು ದಾರಿ ನಡೆಯುವ ಅಪಾಯವನ್ನು ತಪ್ಪಿಸಲು ಒಂದು ಊರಿನ ಸಾಹುಕಾರನು ಇನ್ನೊಂದು ಊರಿನ ಸಾಹುಕಾರನ ಮೇಲೆ ಬರೆಯುತ್ತಿದ್ದ ಚೀಟಿ ಅದು. ಶಾಹಜೋಗ ಎಂಬ ಬಗೆಯ ಹುಂಡಿಯ ಹಣವು ಪೇಟೆಯಲ್ಲಿ ಪ್ರತಿಷ್ಠಿತನೆನಿಸಿದ ವರ್ತಕನಿಗೆ ಮಾತ್ರ ಸಲ್ಲುತ್ತಿತ್ತು. ಕಾಗದವನ್ನು ಹಿಡಿದು ಬಂದವನು ಯಾರು ಎಂಬ ಪ್ರಶ್ನೆಯೇ ಆ ವ್ಯವಹಾರದ ಬೀಗ. ಗುರುತಿನ ಪರೀಕ್ಷೆ ಸಡಿಲವಾದಲ್ಲಿ ಕಾಗದಕ್ಕೆ ಬೆಲೆಯಿಲ್ಲವೆಂಬುದನ್ನು ಅವರು ಅನುಭವದಿಂದ ಅರಿತಿದ್ದರು.

ಅಂತರಜಾಲದ ಹುಟ್ಟಿನಲ್ಲಿ ಈ ಬೀಗವೇ ಇರಲಿಲ್ಲ. ೧೯೬೯ರ ಅಕ್ಟೋಬರ್ ೨೯ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎರಡು ಗಣಕಯಂತ್ರಗಳ ನಡುವೆ ಅರ್ಪಾನೆಟ್ಟಿನ ಮೊದಲ ಸಂದೇಶ ಸಾಗಿತು. ಅದನ್ನು ಕಟ್ಟಿದವರೂ ಬಳಸಿದವರೂ ಒಬ್ಬರನ್ನೊಬ್ಬರು ಬಲ್ಲ ಸಂಶೋಧಕರು. ಬಾಗಿಲಿಗೆ ಬಂದವನ ಗುರುತು ಕೇಳುವ ಅಗತ್ಯ ಅವರಿಗೆ ಹೆಚ್ಚಾಗಿ ತೋರಲಿಲ್ಲ. ೧೯೮೮ರ ನವೆಂಬರ್ ೨ರಂದು ಒಬ್ಬ ವಿದ್ಯಾರ್ಥಿಯು ಬಿಟ್ಟ ಸಣ್ಣದೊಂದು ಪ್ರೋಗ್ರಾಮು ಸಾವಿರಾರು ಗಣಕಗಳನ್ನು ನಿಶ್ಚೇಷ್ಟಿತಗೊಳಿಸಿದಾಗ ಆ ಮುಗ್ಧತೆಯ ಕಾಲ ಮುಗಿಯಿತು. ೨೦೦೦ದ ಮೇ ತಿಂಗಳಲ್ಲಿ ಪ್ರೇಮಪತ್ರದ ವೇಷದಲ್ಲಿ ಬಂದ ವೈರಸ್ಸು ಲೋಕದ ಲಕ್ಷಾಂತರ ಗಣಕಗಳನ್ನು ಕೆಡಿಸಿತು. ಅದು ಯಾವ ಬಾಗಿಲನ್ನೂ ಒಡೆಯಲಿಲ್ಲ. ಕುತೂಹಲಗೊಂಡ ಮನುಷ್ಯನೇ ಪತ್ರವನ್ನು ತೆರೆದು ಅದಕ್ಕೆ ದಾರಿ ಬಿಟ್ಟುಕೊಟ್ಟನು.

ಭಾರತದ ಸಾರ್ವಜನಿಕರಿಗೆ ಅಂತರಜಾಲವು ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು. ಮಾಹಿತಿ ತಂತ್ರಜ್ಞಾನ ಕಾಯಿದೆಯು ೨೦೦೦ದ ಅಕ್ಟೋಬರ್ ೧೭ರಂದು ಜಾರಿಗೆ ಬಂದಿತು. ಮರುವರ್ಷವೇ ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳಿಗೆಂದೇ ಒಂದು ಪೊಲೀಸ್ ಠಾಣೆ ಸ್ಥಾಪನೆಗೊಂಡಿತು. ದೇಶದಲ್ಲಿ ಅಂಥದು ಅದೇ ಮೊದಲು. ಗಣಕೋದ್ಯಮದ ಕೀರ್ತಿಯನ್ನು ಪಡೆದ ನಾಡಿಗೆ ಅದರ ಕಳ್ಳರನ್ನು ಹಿಡಿಯುವ ಹೊಣೆಯೂ ಮೊದಲಿಗೇ ಬಂದಿತೆನ್ನಬೇಕು.

೨೦೧೨: ಒಂದು ಧ್ವಜ, ಒಂದು ಸಂದೇಶ

ಭಯವನ್ನು ಬಿತ್ತುವ ಹಳೆಯ ರೀತಿಗೂ ಹೊಸ ರೀತಿಗೂ ಇರುವ ಅಂತರವನ್ನು ತಿಳಿಯಲು ೨೦೧೨ನೆಯ ಇಸವಿಯೊಂದೇ ಸಾಕು. ಆ ವರ್ಷದ ಮೊದಲ ದಿನ, ದೇವರ ಹಿಪ್ಪರಗಿಗೆ ಸಮೀಪದ ಸಿಂದಗಿಯಲ್ಲಿ, ತಹಶೀಲ್ದಾರ ಕಚೇರಿಯ ಮುಂದೆ ಪಾಕಿಸ್ತಾನದ ಧ್ವಜ ಹಾರುತ್ತಿದ್ದುದು ಕಂಡುಬಂದಿತು. ಸಂಶಯದ ಬೆರಳು ಒಂದು ಸಮುದಾಯದ ಕಡೆಗೆ ತಿರುಗಲೆಂಬುದೇ ಹಾರಿಸಿದವರ ಬಯಕೆಯಾಗಿತ್ತೆಂದು ಪೊಲೀಸರು ಆರೋಪಿಸಿದರು. ಕೆಲವೇ ದಿನಗಳಲ್ಲಿ ಅವರು ಬಂಧಿಸಿದ್ದು ಆ ಸಮುದಾಯಕ್ಕೆ ಸೇರದ ಯುವಕರನ್ನು. ಕೃತ್ಯವು ನೀಚವಾದದ್ದು. ಆದರೂ ಅದಕ್ಕೊಂದು ಮಿತಿಯಿತ್ತು. ಕತ್ತಲಲ್ಲಿ ಯಾರೋ ಆ ಕಂಬದ ಬಳಿಗೆ ಬರಬೇಕಿತ್ತು, ಬಟ್ಟೆಯನ್ನು ತರಬೇಕಿತ್ತು, ಹಗ್ಗವನ್ನು ಎಳೆಯಬೇಕಿತ್ತು. ಆದಕಾರಣವೇ ಜಾಡು ಹಿಡಿಯುವುದು ಸಾಧ್ಯವಾಯಿತು.

ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ನಡೆದದ್ದಕ್ಕೆ ಕಂಬವೂ ಬೇಕಾಗಲಿಲ್ಲ, ಹಗ್ಗವೂ ಬೇಕಾಗಲಿಲ್ಲ. ಜುಲೈ ತಿಂಗಳಲ್ಲಿ ಅಸ್ಸಾಮಿನ ಕೊಕ್ರಝಾರ್ ಸೀಮೆಯಲ್ಲಿ ಭೀಕರ ಹಿಂಸಾಚಾರ ನಡೆದಿತ್ತು. ಅದರ ಸೇಡನ್ನು ರಂಜಾನ್ ಮುಗಿದೊಡನೆ ದಕ್ಷಿಣದ ನಗರಗಳಲ್ಲಿರುವ ಈಶಾನ್ಯದವರ ಮೇಲೆ ತೀರಿಸಲಾಗುವುದೆಂಬ ಕಿರುಸಂದೇಶಗಳು ಮೊಬೈಲುಗಳಲ್ಲಿ ಹರಿದಾಡತೊಡಗಿದವು. ಬೇರೆ ದೇಶಗಳ, ಬೇರೆ ದುರಂತಗಳ ಚಿತ್ರಗಳನ್ನು ತಿದ್ದಿ, ಇವೇ ಸಾಕ್ಷ್ಯವೆಂಬಂತೆ ಅಂತರಜಾಲದಲ್ಲಿ ಹರಡಲಾಯಿತು. ಅವುಗಳಲ್ಲಿ ಬಹಳಷ್ಟು ಗಡಿಯಾಚೆಯಿಂದ ಬಂದವೆಂದು ಕೇಂದ್ರ ಗೃಹ ಇಲಾಖೆ ಹೇಳಿತು. ಆಗಸ್ಟ್ ೧೫ರಿಂದ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಈಶಾನ್ಯದ ಸಾವಿರಾರು ಮಂದಿ ನೆರೆದರು. ವಿದ್ಯಾರ್ಥಿಗಳು, ಹೋಟೆಲುಗಳ ಸಹಾಯಕರು, ಕಾವಲುಗಾರರು, ಅಂದಗೃಹಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಕೈಗೆ ಸಿಕ್ಕ ಚೀಲವನ್ನು ಹಿಡಿದು ಬಂದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಅಂದಿನ ಗೃಹಸಚಿವ ಆರ್. ಅಶೋಕರು ನಿಲ್ದಾಣಕ್ಕೆ ಹೋಗಿ, ಇಲ್ಲಿಯೇ ಉಳಿಯಿರಿ ಎಂದು ಕೇಳಿಕೊಂಡರೂ ಹೊರಟವರು ನಿಲ್ಲಲಿಲ್ಲ.

ಬೆದರಿಸಿದಂತಹ ಸಾಮೂಹಿಕ ದಾಳಿಯು ಬೆಂಗಳೂರಿನಲ್ಲಿ ನಡೆಯಲೇ ಇಲ್ಲ. ಆದರೆ ದಾಳಿಯಿಂದ ಆಗುವ ಹಾನಿಯ ಬಹುಭಾಗ ಆಗಿಯೇ ಹೋಗಿತ್ತು. ಜನ ಊರು ಬಿಟ್ಟರು, ದುಡಿಮೆ ತಪ್ಪಿತು, ನೆರೆಯವನು ನೆರೆಯವನನ್ನು ಅಂಜಿಕೆಯಿಂದ ನೋಡಿದನು. ಆಗಸ್ಟ್ ೧೭ರಂದು ಕೇಂದ್ರ ಸರ್ಕಾರವು ಹದಿನೈದು ದಿನಗಳವರೆಗೆ ಸಾಮೂಹಿಕ ಕಿರುಸಂದೇಶಗಳನ್ನು ನಿರ್ಬಂಧಿಸಿತು. ಒಮ್ಮೆಗೆ ಐದಕ್ಕಿಂತ ಹೆಚ್ಚು ಕಳುಹಿಸುವಂತಿರಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮೊದಲ ಸಂದೇಶವನ್ನು ಬರೆದವನು ದುಷ್ಟನೆಂಬುದರಲ್ಲಿ ಸಂಶಯವಿಲ್ಲ. ಎರಡನೆಯವನಿಂದ ಹಿಡಿದು ಸಾವಿರದವನವರೆಗೆ ಅದನ್ನು ಮುಂದಕ್ಕೆ ಕಳುಹಿಸಿದವರು ಯಾರು? ಅವರಲ್ಲಿ ಬಹುಮಂದಿ ಸ್ನೇಹಿತನಿಗೆ ಎಚ್ಚರಿಕೆ ನೀಡಬೇಕೆಂಬ ಒಳ್ಳೆಯ ಭಾವದಿಂದಲೇ ಕಳುಹಿಸಿದರು. ಒಬ್ಬ ದುಷ್ಟನ ಕೈ ಸಾಲದಾದಾಗ ಸಾವಿರ ಸಜ್ಜನರ ಕೈಗಳು ಅವನಿಗೆ ಎರವಲಾಗಿ ದೊರೆತವು.

ಮುರ್ಕಿಯ ಪಾಠ

ಬೀದರ ಜಿಲ್ಲೆಯ ಔರಾದ ತಾಲೂಕಿನ ಮುರ್ಕಿ ಗ್ರಾಮದ ಘಟನೆಯು ಇದಕ್ಕಿಂತಲೂ ದಾರುಣವಾದದ್ದು. ೨೦೧೮ರ ಜುಲೈ ೧೩ರಂದು ಹೈದರಾಬಾದಿನಿಂದ ಕೆಲವು ಗೆಳೆಯರು ಕಾರಿನಲ್ಲಿ ಆ ಭಾಗಕ್ಕೆ ಬಂದಿದ್ದರು. ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಆ ದಿನಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿಗಳು ವಾಟ್ಸಾಪಿನ ಮೂಲಕ ದೇಶದ ಅನೇಕ ಕಡೆ ಹಬ್ಬಿದ್ದವು. ಚಾಕೊಲೇಟು ಕೊಟ್ಟವರನ್ನು ಜನ ಸಂಶಯಿಸಿದರು. ಕಾರು ಮುಂದೆ ಹೋಗುವಷ್ಟರಲ್ಲಿ ಸುದ್ದಿ ಅದಕ್ಕಿಂತ ವೇಗವಾಗಿ ಮುರ್ಕಿಯನ್ನು ಮುಟ್ಟಿತ್ತು. ಜನ ದಾರಿಯನ್ನು ಅಡ್ಡಗಟ್ಟಿದರು. ತರುಣ ಇಂಜಿನಿಯರನೊಬ್ಬ ಗುಂಪಿನ ಹೊಡೆತಕ್ಕೆ ಪ್ರಾಣ ತೆತ್ತನು, ಉಳಿದವರು ಗಾಯಗೊಂಡರು, ಬಿಡಿಸಲು ಹೋದ ಪೊಲೀಸರೂ ಏಟು ತಿಂದರು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದ ಕೂಲಿಗಾರನೊಬ್ಬನು ಇಂಥದೇ ಸಂಶಯಕ್ಕೆ ಬಲಿಯಾಗಿದ್ದನು.

ಮುರ್ಕಿಯಲ್ಲಿ ಯಾವ ಉಗ್ರ ಸಂಘಟನೆಯೂ ಇರಲಿಲ್ಲ. ಕೊಂದವರು ಬೇಸಾಯಗಾರರು, ಅಂಗಡಿಯವರು, ಮಕ್ಕಳನ್ನು ಪ್ರೀತಿಸುವ ತಂದೆಗಳು. ಮಕ್ಕಳ ಮೇಲಿನ ಮಮತೆಯೇ ಕೊಲೆಯ ಕಾರಣವಾಯಿತೆಂಬುದನ್ನು ನೆನೆದರೆ ಮನಸ್ಸು ನಡುಗುತ್ತದೆ. ಹಿಂಸೆಯ ಮೂಲವನ್ನು ಜೈನಾಚಾರ್ಯರು ಪ್ರಮಾದದಲ್ಲಿ, ಎಂದರೆ ಎಚ್ಚರಗೇಡಿತನದಲ್ಲಿ, ಏಕೆ ಕಂಡರೆಂಬುದು ಇಲ್ಲಿ ಮನದಟ್ಟಾಗುತ್ತದೆ. ಆ ತಿಂಗಳೇ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸುವಂತೆ ಮಿತಿಗೊಳಿಸಿತು. ಮನುಷ್ಯನು ತನಗೆ ತಾನೇ ಹಾಕಿಕೊಳ್ಳಬೇಕಾಗಿದ್ದ ಮಿತಿಯನ್ನು ಯಂತ್ರವು ಹಾಕಬೇಕಾಯಿತು.

ಉಗ್ರರ ಕೈಯಲ್ಲಿ ಅನ್ಯರ ಹೆಸರು

೨೦೦೮ರ ನವೆಂಬರ್ ೨೬ರಂದು ಮುಂಬಯಿಯ ಮೇಲೆ ದಾಳಿ ಮಾಡಿದವರಿಗೆ ದೂರದಲ್ಲಿ ಕುಳಿತ ನಿಯಂತ್ರಕರು ಅಂತರಜಾಲದ ದೂರವಾಣಿಯ ಮೂಲಕ ಕ್ಷಣಕ್ಷಣಕ್ಕೂ ಆಜ್ಞೆ ನೀಡುತ್ತಿದ್ದರು. ಅದಾದ ಮುಂದಿನ ತಿಂಗಳು ಸಂಸತ್ತು ಮಾಹಿತಿ ತಂತ್ರಜ್ಞಾನ ಕಾಯಿದೆಗೆ ತಿದ್ದುಪಡಿಯನ್ನು ಅಂಗೀಕರಿಸಿತು. ಸೈಬರ್ ಭಯೋತ್ಪಾದನೆಯು ಆಜೀವ ಕಾರಾಗೃಹದವರೆಗೆ ಶಿಕ್ಷಾರ್ಹವಾದ ಅಪರಾಧವಾಯಿತು.

ಕರ್ನಾಟಕದ ಎರಡು ಪ್ರಕರಣಗಳಲ್ಲಿ ಸಮಾನವಾದೊಂದು ಅಂಶವಿದೆ. ೨೦೨೨ರ ನವೆಂಬರ್ ೧೯ರಂದು ಮಂಗಳೂರಿನಲ್ಲಿ ಆಟೋರಿಕ್ಷಾದೊಳಗೆ ಕುಕ್ಕರ್ ಬಾಂಬು ಸಿಡಿಯಿತು. ಅದನ್ನು ಒಯ್ಯುತ್ತಿದ್ದವನ ಬಳಿ ದೊರೆತ ಆಧಾರ್ ಚೀಟಿಯು ಹುಬ್ಬಳ್ಳಿ ಮೂಲದ, ಯಾವ ತಪ್ಪನ್ನೂ ಅರಿಯದ ಬೇರೊಬ್ಬ ವ್ಯಕ್ತಿಯದು. ಎಂದೋ ಕಳೆದುಹೋದ ತನ್ನ ಚೀಟಿಯು ಹೀಗೆ ಬಾಂಬಿನ ಜೊತೆಗೆ ಪ್ರಯಾಣ ಮಾಡೀತೆಂದು ಆ ಬಡಪಾಯಿಗೆ ಹೇಗೆ ತಿಳಿಯಬೇಕು! ೨೦೨೪ರ ಮಾರ್ಚ್ ೧ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ನಡೆದ ಸ್ಫೋಟದಲ್ಲಿ ಒಂಬತ್ತು ಮಂದಿ ಗಾಯಗೊಂಡರು. ಆರೋಪಿಗಳು ಮೋಸದಿಂದ ಪಡೆದ ಸಿಮ್ ಕಾರ್ಡುಗಳನ್ನೂ ಬ್ಯಾಂಕ್ ಖಾತೆಗಳನ್ನೂ, ಅಂತರಜಾಲದ ಗುಪ್ತ ಮೂಲೆಗಳಿಂದ ಇಳಿಸಿಕೊಂಡ ಗುರುತಿನ ಪತ್ರಗಳನ್ನೂ ಬಳಸಿದರೆಂದು, ಅವರಿಗೆ ಹಣವು ಕ್ರಿಪ್ಟೋ ನಾಣ್ಯಗಳ ರೂಪದಲ್ಲಿ ಬರುತ್ತಿತ್ತೆಂದು ರಾಷ್ಟ್ರೀಯ ತನಿಖಾ ದಳವು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಹೇಳಿದೆ.

ಹಳೆಯ ದರೋಡೆಕೋರನು ತನ್ನ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದನು. ಇಂದಿನವನು ನಮ್ಮ ಮುಖವನ್ನೇ ಕಟ್ಟಿಕೊಳ್ಳುತ್ತಾನೆ. ಹುಂಡಿಯ ಕಾಲದ ವರ್ತಕನು ಕಾಗದ ತಂದವನ ಗುರುತನ್ನು ಕಾದಂತೆ ನಾವು ನಮ್ಮ ಗುರುತಿನ ಪತ್ರವನ್ನು, ನಮ್ಮ ಹೆಸರಿನ ಸಿಮ್ಮನ್ನು, ನಮ್ಮ ಖಾತೆಯನ್ನು ಕಾಯಬೇಕಾಗಿದೆ.

ವಿಜಯಪುರದ ಒಂದು ಕರೆ

ಹಣಕ್ಕಾಗಿ ಬೆದರಿಸುವವರ ಕಥೆಯಲ್ಲಿ ನಮ್ಮ ಜಿಲ್ಲೆಯ ಹೆಸರು ಗೌರವದಿಂದ ಬಂದಿದೆ. ೨೦೨೪ರ ಅಕ್ಟೋಬರ್ ೨೭ರಂದು ಪ್ರಧಾನಿ ನರೇಂದ್ರ ಮೋದಿಯವರು ತಮ್ಮ ಆಕಾಶವಾಣಿ ಭಾಷಣದಲ್ಲಿ ಡಿಜಿಟಲ್ ಅರೆಸ್ಟ್ ಎಂಬ ವಂಚನೆಯ ವಿಷಯವನ್ನು ವಿವರಿಸುತ್ತ ಒಂದು ಸಂಭಾಷಣೆಯನ್ನು ದೇಶಕ್ಕೆ ಕೇಳಿಸಿದರು. ಅದು ವಿಜಯಪುರದ ನಿವಾಸಿಯೊಬ್ಬರಿಗೂ ಪೊಲೀಸ್ ವೇಷದ ವಂಚಕನಿಗೂ ನಡುವೆ ನಡೆದದ್ದು. ಕರೆಯನ್ನು ಸ್ವೀಕರಿಸಿದವರು ಅಂಜಲಿಲ್ಲ. ಅದನ್ನು ದಾಖಲಿಸಿಕೊಂಡು ಇತರರ ಎಚ್ಚರಕ್ಕಾಗಿ ಹೊರಗೆಡಹಿದರು.

ಈ ವಂಚನೆಯ ಕ್ರಮ ಹೀಗೆ. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಇಲ್ಲವೆ ನಿಮ್ಮ ಮೊಬೈಲ್ ಸಂಖ್ಯೆಯ ಮೇಲೆ ದೂರುಗಳು ದಾಖಲಾಗಿವೆ ಎಂದು ಕರೆ ಬರುತ್ತದೆ. ಬಳಿಕ ವಿಡಿಯೋದಲ್ಲಿ ಸಮವಸ್ತ್ರ, ಠಾಣೆಯಂತಹ ಹಿನ್ನೆಲೆ, ಮೊಹರು ಒತ್ತಿದ ಆಜ್ಞಾಪತ್ರ ಕಾಣಿಸುತ್ತವೆ. ಯಾರಿಗೂ ಹೇಳಬಾರದು, ಕ್ಯಾಮೆರಾದ ಮುಂದಿನಿಂದ ಏಳಬಾರದು ಎಂಬ ಕಟ್ಟಪ್ಪಣೆಯಾಗುತ್ತದೆ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ಮನುಷ್ಯನು ತನ್ನ ಮನೆಯಲ್ಲಿಯೇ ಬಂದಿಯಾಗುತ್ತಾನೆ. ಕಡೆಗೆ ಪರಿಶೀಲನೆಯ ನೆಪದಲ್ಲಿ ಜೀವಮಾನದ ಉಳಿತಾಯವೆಲ್ಲ ಹೊರಟುಹೋಗುತ್ತದೆ. ಭಾರತದ ಯಾವ ಕಾನೂನಿನಲ್ಲಿಯೂ ವಿಡಿಯೋ ಕರೆಯ ಮೂಲಕ ಬಂಧಿಸುವ ಅವಕಾಶವಿಲ್ಲ. ಇದಿಷ್ಟು ತಿಳಿದಿದ್ದರೆ ಸಾಕು, ಬೇಡಿ ತಾನಾಗಿ ಕಳಚುತ್ತದೆ.

ನಮ್ಮ ಶಾಸ್ತ್ರಗಳು ಭಯವನ್ನು ನೋಕಷಾಯಗಳಲ್ಲಿ ಒಂದೆಂದು ಎಣಿಸಿವೆ. ಸಮ್ಯಗ್ದೃಷ್ಟಿಯು ಏಳು ಭಯಗಳಿಂದ ಮುಕ್ತನೆಂದು ಹೇಳಿ, ಅವುಗಳಲ್ಲಿ ಆಕಸ್ಮಿಕ ಭಯವನ್ನೂ ಸೇರಿಸಿವೆ. ಹಠಾತ್ತನೆ ಬಂದ ಭಯದಲ್ಲಿ ವಿವೇಕ ಮುಚ್ಚುತ್ತದೆ. ವಂಚಕನು ಕಾಯುವುದು ಆ ಗಳಿಗೆಯನ್ನೇ. ಮೋಸಹೋದವರು, ಅದರಲ್ಲಿಯೂ ವೃದ್ಧರು, ನಾಚಿಕೆಯಿಂದ ಮನೆಯವರಿಗೂ ಹೇಳದೆ ಕೊರಗುವುದನ್ನು ಕಾಣುತ್ತೇವೆ. ಅವರನ್ನು ಹಂಗಿಸುವುದು ಎರಡನೆಯ ಹಿಂಸೆ. ಅವರು ಕೂಡಲೇ ೧೯೩೦ ಎಂಬ ಸಂಖ್ಯೆಗೆ ಕರೆ ಮಾಡಿ ದೂರು ನೀಡುವಂತೆ ನೆರವಾಗಬೇಕು. ತಡಮಾಡದಿದ್ದರೆ ಹಣವು ಖಾತೆಯಿಂದ ಖಾತೆಗೆ ಹಾರುವ ಮೊದಲೇ ಅದನ್ನು ತಡೆಹಿಡಿಯುವ ಸಾಧ್ಯತೆಯಿದೆ.

ಮೂರನೆಯವನ ಪಾಪ

ಖಾತೆಯಿಂದ ಖಾತೆಗೆ ಎಂದೆವಷ್ಟೆ. ಆ ಖಾತೆಗಳು ಯಾರವು? ಬಹುತೇಕ ಅವು ವಂಚಕನವಲ್ಲ. ಅಲ್ಪ ಕಮಿಷನ್ನಿನ ಆಸೆಗೆ ತಮ್ಮ ಪಾಸ್‌ಬುಕ್ಕನ್ನೂ ಎಟಿಎಂ ಕಾರ್ಡನ್ನೂ ಕೊಟ್ಟ ವಿದ್ಯಾರ್ಥಿಗಳವು, ಕೂಲಿಗಾರರವು, ಸಣ್ಣ ವ್ಯಾಪಾರಿಗಳವು. ನಾನು ಯಾರನ್ನೂ ವಂಚಿಸಲಿಲ್ಲ, ಖಾತೆಯನ್ನು ಮಾತ್ರ ಕೊಟ್ಟೆ ಎಂಬುದು ಅವರ ಸಮಾಧಾನ.

ಈ ಸಮಾಧಾನವನ್ನು ಜೈನ ನೀತಿಶಾಸ್ತ್ರವು ಒಪ್ಪುವುದಿಲ್ಲ. ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಮೂರೂ ಕರ್ಮಬಂಧಕ್ಕೆ ಕಾರಣವೆಂಬುದು ನಮ್ಮ ಮೂಲಭೂತ ಸಿದ್ಧಾಂತ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳ ಅತಿಚಾರಗಳನ್ನು ಹೇಳುವಾಗ ಅಚೌರ್ಯಕ್ಕೆ ಸಂಬಂಧಿಸಿ ತದಾಹೃತಾದಾನವನ್ನು ಎಣಿಸಿದ್ದಾರೆ. ಕಳ್ಳನು ತಂದುದನ್ನು ಸ್ವೀಕರಿಸುವುದೆಂದು ಅದರ ಅರ್ಥ. ಖಾತೆಯನ್ನು ಎರವಲು ಕೊಡುವುದು ಇದಲ್ಲದೆ ಮತ್ತೇನು? ಅಸಲಿಯ ವೇಷದಲ್ಲಿ ನಕಲಿಯನ್ನು ನಡೆಸುವ ಪ್ರತಿರೂಪಕ ವ್ಯವಹಾರವೂ ಆ ಪಟ್ಟಿಯಲ್ಲಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಸುಳ್ಳು ಲೇಖವನ್ನು ರಚಿಸುವ ಕೂಟಲೇಖಕ್ರಿಯೆಯೂ, ಅನ್ಯರ ಗುಟ್ಟನ್ನು ಬಯಲಿಗೆಳೆಯುವ ರಹೋಭ್ಯಾಖ್ಯಾನವೂ ಇವೆ. ತಿದ್ದಿದ ಚಿತ್ರ, ನಕಲಿ ಆಜ್ಞಾಪತ್ರ, ಕದ್ದ ಖಾಸಗಿ ವಿಡಿಯೋ ಇವೆಲ್ಲವೂ ಈ ಹೆಸರುಗಳ ಅಡಿಯಲ್ಲಿ ಬರುತ್ತವೆ.

ಸಂದೇಶವನ್ನು ಯೋಚಿಸದೆ ಮುಂದಕ್ಕೆ ಕಳುಹಿಸುವವನ ವಿಷಯದಲ್ಲಿ ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಕಣ್ಣು ತೆರೆಸುತ್ತದೆ. ಪ್ರಯೋಜನವಿಲ್ಲದ ಪಾಪಗಳಾದ ಅನರ್ಥದಂಡಗಳನ್ನು ಅವರು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ಹಿಂಸೆಯ ಸಾಧನವನ್ನು ಇನ್ನೊಬ್ಬರ ಕೈಗೆ ಕೊಡುವುದು ಹಿಂಸಾದಾನ. ಮನಸ್ಸನ್ನು ಕಲುಷಿತಗೊಳಿಸುವ ಮಾತುಗಳಿಗೆ ಕಿವಿಗೊಡುವುದು ದುಃಶ್ರುತಿ. ಅಜಾಗರೂಕವಾಗಿ ವರ್ತಿಸುವುದು ಪ್ರಮಾದಚರ್ಯೆ. ದ್ವೇಷದ ಸುದ್ದಿಯನ್ನು ಆಸಕ್ತಿಯಿಂದ ಕೇಳಿ, ವಿಚಾರಿಸದೆ ಒಪ್ಪಿ, ಹತ್ತು ಮಂದಿಗೆ ರವಾನಿಸಿದವನು ಬೆರಳಿನ ಒಂದೇ ಚಲನೆಯಿಂದ ಈ ಮೂರನ್ನೂ ಮಾಡಿದವನಾಗುತ್ತಾನೆ. ಅದರಿಂದ ಅವನಿಗೆ ದೊರೆತ ಲಾಭವೇನೂ ಇಲ್ಲ. ಅನರ್ಥವೆಂಬ ಮಾತು ಎಷ್ಟು ಯಥಾರ್ಥವಾಗಿದೆ!

ರಾಜ್ಯದ ಕರ್ತವ್ಯವನ್ನು ನಾವು ಅಲ್ಲಗಳೆಯುತ್ತಿಲ್ಲ. ಸೈಬರ್ ಅಪರಾಧಗಳ ಠಾಣೆಗಳು ಈಗ ಜಿಲ್ಲಾ ಕೇಂದ್ರಗಳಲ್ಲಿಯೂ ಇವೆ. ಆದರೆ ದಂಡಕ್ಕೂ ಮಿತಿ ಬೇಕು. ಅಂತರಜಾಲದಲ್ಲಿ ಆಡಿದ ಮಾತಿಗಾಗಿ ಬಂಧಿಸಲು ಅವಕಾಶವಿತ್ತಿದ್ದ ೬೬ಎ ವಿಧಿಯನ್ನು ಸರ್ವೋಚ್ಚ ನ್ಯಾಯಾಲಯವು ೨೦೧೫ರ ಮಾರ್ಚ್ ೨೪ರಂದು ರದ್ದುಪಡಿಸಿತು. ಅಸ್ಪಷ್ಟವಾದ ಕಾನೂನು ನಿರಪರಾಧಿಗಳ ಬಾಯನ್ನೂ ಮುಚ್ಚಿಸೀತೆಂಬುದು ಅದರ ಕಾಳಜಿ. ಅಂತೆಯೇ ಉಗ್ರನೊಬ್ಬನ ಹೆಸರನ್ನು ಕಂಡು ಅವನ ಸಮುದಾಯವನ್ನೆಲ್ಲ ಸಂಶಯಿಸುವುದು ಉಗ್ರನ ಉದ್ದೇಶವನ್ನೇ ಈಡೇರಿಸಿದಂತೆ. ಸಿಂದಗಿಯ ಧ್ವಜವು ನಮಗೆ ಕಲಿಸಬೇಕಾದ ಪಾಠ ಇದೇ. ಕಾನೂನು ಅಪರಾಧಿಯನ್ನು ಹಿಡಿಯಬಲ್ಲದು. ಅವನಿಗೆ ಎರವಲು ಹೋಗುವ ನಮ್ಮ ಕೈಯನ್ನು ಹಿಂತೆಗೆಯಬಲ್ಲವರು ನಾವು ಮಾತ್ರ.

ದಶಲಕ್ಷಣ ಪರ್ವದ ಕೊನೆಗೆ ನಾವು ಕ್ಷಮಾವಣಿಯನ್ನು ಆಚರಿಸುತ್ತೇವೆ. ಅರಿತೋ ಅರಿಯದೆಯೋ ಆದ ಅಪರಾಧಕ್ಕಾಗಿ ಪರಸ್ಪರ ಕ್ಷಮೆ ಬೇಡುತ್ತೇವೆ. ಬೈದವನಿಗೆ ಬೈಸಿಕೊಂಡವನು ಗೊತ್ತು. ಸಾಲ ಕೊಡದವನಿಗೆ ಸಾಲ ಕೊಟ್ಟವನು ಗೊತ್ತು. ಅವರ ಮನೆಗೆ ಹೋಗಿ ಕೈಮುಗಿಯಬಹುದು. ಆದರೆ ೨೦೧೨ರ ಆಗಸ್ಟಿನಲ್ಲಿ ಆ ಸಂದೇಶವನ್ನು ಮುಂದಕ್ಕೆ ಕಳುಹಿಸಿದವನು ಯಾರ ಬಳಿಗೆ ಹೋಗಬೇಕು? ಗುವಾಹಟಿಯ ರೈಲಿನಲ್ಲಿ ನಿಂತೇ ಪ್ರಯಾಣ ಮಾಡಿದ ಆ ಹುಡುಗಿಯ ಹೆಸರು ಅವನಿಗೆ ತಿಳಿಯದು. ಮಕ್ಕಳ ಕಳ್ಳರ ಸುದ್ದಿಯನ್ನು ಬೀದರದ ಕಡೆಗೆ ಸಾಗಿಸಿದ ಕೈಗಳಿಗೆ ಮುರ್ಕಿಯಲ್ಲಿ ಸತ್ತವನ ತಾಯಿಯ ಮುಖ ಕಾಣದು. ಕ್ಷಮೆ ಬೇಡಲು ಎದುರಿನಲ್ಲಿ ಯಾರೂ ಇಲ್ಲದ ಅಪರಾಧ ಇದು.

ಆದುದರಿಂದ ಇಂಥ ಅಪರಾಧಕ್ಕೆ ಪ್ರತಿಕ್ರಮಣವು ಮೊದಲೇ ಆಗಬೇಕು. ಬೆರಳು ಒತ್ತುವ ಮುನ್ನ ಆಗಬೇಕು. ಇದು ನಿಜವೇ, ಇದನ್ನು ನಾನು ಹೇಗೆ ಬಲ್ಲೆ, ಇದರಿಂದ ಯಾರಿಗೆ ನೋವಾದೀತು ಎಂದು ಒಂದು ಗಳಿಗೆ ತಡೆದು ಕೇಳಿಕೊಳ್ಳುವ ಶ್ರಾವಕನು ತನ್ನ ಕಿಸೆಯನ್ನು ಕಾದುಕೊಂಡಂತೆ ಕಾಣದ ನೆರೆಯವನ ಪ್ರಾಣವನ್ನೂ ಕಾಯುತ್ತಾನೆ.